ಹೊಳೆಗೆ ನೀರು ಬರುವ ಹೊತ್ತು

ನಮ್ಮ ಚಿಗರಿಗೆ ಪುಣೆಯಲ್ಲಿ ಬೇರೆಯೇ ಹೆಸರು. ವಾಕಡ್‌ನ ಪಶುವೈದ್ಯರ ಫೈಲಿನಲ್ಲಿ ಅವಳ ತಳಿ 'ಕಾರವಾನ್ ಹೌಂಡ್'. ಸೊಸೈಟಿಯ ವಾಚ್‌ಮನ್ ಕಾಕಾ 'ಕರ್ವಾನಿ' ಅನ್ನುತ್ತಾರೆ. ನಾನು ಮಾತ್ರ ಪ್ರತಿ ಸಲ, "ಅಲ್ರೀ, ಇದು ಮುಧೋಳ ನಾಯಿ. ನಮ್ಮ ಬಾಗಲಕೋಟೆ ಜಿಲ್ಲೆಯದು" ಎಂದು ತಿದ್ದುತ್ತೇನೆ. ಮುಧೋಳದ ಘೋರ್ಪಡೆ ರಾಜರು ಇದನ್ನು ಸಾಕಿ ಬೆಳೆಸಿದ್ದು, ಐದನೇ ಜಾರ್ಜ್ ದೊರೆಗೆ ಉಡುಗೊರೆ ಕೊಟ್ಟಿದ್ದು, 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಚೀಟಿ ತಂದಿದ್ದು, ಎಲ್ಲ ಹೇಳುತ್ತೇನೆ. ವೈದ್ಯರು ನಕ್ಕು, "ನಾಯಿ ಒಂದೇ ಸರ್, ಗಡಿ ದಾಟಿದಾಗ ಹೆಸರು ಬದಲಾಗಿದೆ ಅಷ್ಟೇ" ಎಂದರು. ಹದಿನಾಲ್ಕು ವರ್ಷದಿಂದ ಹಿಂಜೆವಾಡಿಯಲ್ಲಿ ಕೋಡ್ ಬರೆಯುತ್ತಿರುವ ವಿಜಯಪುರದ ಹುಡುಗನಿಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ.

ಮುಧೋಳ ನಾಯಿಯನ್ನು ಮೂರು ಕೋಣೆಯ ಫ್ಲ್ಯಾಟಿನಲ್ಲಿ ಸಾಕುವುದು ತಪ್ಪೋ ಸರಿಯೋ ಎಂಬ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ನೋಡಿ ಓಡುವ ಜಾತಿ ಅದು. ಮೂಗಿಗಿಂತ ಕಣ್ಣು ಚುರುಕು. ಎರಡು ಫರ್ಲಾಂಗು ದೂರದಲ್ಲಿ ಏನಾದರೂ ಅಲುಗಿದರೆ ಸಾಕು, ಕಿವಿ ನಿಮಿರುತ್ತದೆ. ಸೊಸೈಟಿಯಲ್ಲಿ ನೋಡಿದರೆ ಮುಖ್ಯ ಲಿಫ್ಟಿಗೆ ನಾಯಿ ಬರುವಂತಿಲ್ಲ, ತೋಟದಲ್ಲಿ ತಿರುಗುವಂತಿಲ್ಲ. ಹಾಗಾಗಿ ವಾರಾಂತ್ಯಕ್ಕೆ ಊರ ಹೊರಗೆ ಹೋಗುವುದು ನಮಗೆ ಶೋಕಿಯಲ್ಲ, ಸಾಲ ತೀರಿಸಿದಂತೆ.

ಮೊದಮೊದಲು 'ಪೆಟ್ ಫ್ರೆಂಡ್ಲಿ' ಎಂದು ಹಾಕಿಕೊಂಡ ರೆಸಾರ್ಟುಗಳನ್ನು ಹುಡುಕಿದೆವು. ಒಂದು ಕಡೆ ನಾಯಿಗೆ ಬೇರೆ ಬಾಡಿಗೆ ತೆಗೆದುಕೊಂಡು, ಆಮೇಲೆ ಹುಲ್ಲಿನ ಮೇಲೆ ಬಿಡಬೇಡಿ, ಊಟದ ಹತ್ತಿರ ತರಬೇಡಿ, ಬೇರೆ ಗಿರಾಕಿಗಳ ಕಣ್ಣಿಗೆ ಬೀಳಿಸಬೇಡಿ ಎಂದರು. ಇನ್ನೊಂದು ಕಡೆ ಹತ್ತು ಕಿಲೋ ಒಳಗಿನ ನಾಯಿಗೆ ಮಾತ್ರ ಪ್ರವೇಶ. ಚಿಗರಿ ಇಪ್ಪತ್ನಾಲ್ಕು ಕಿಲೋ. ಅಲ್ಲಿಗೆ ರೆಸಾರ್ಟಿನ ಆಸೆ ಬಿಟ್ಟೆವು. ಆಮೇಲೆ ಸಿಕ್ಕಿದ್ದು ಕುಂಡಲಿಕಾ.

ಪುಣೆಯವರಿಗೆ ಈ ದಾರಿ ಗೊತ್ತಿರುತ್ತದೆ. ಚಾಂದಣಿ ಚೌಕದಿಂದ ಪೌಡ್, ಮುಳಶಿ ಕೆರೆಯ ದಂಡೆ, ತಾಮ್ಹಿಣಿ ಘಾಟು ಇಳಿದರೆ ಕೊಂಕಣ. ಘಟ್ಟದ ಬುಡದ ಭಿರಾ ಕಡೆಯಿಂದ ಬರುವ ಕುಂಡಲಿಕಾ ಕೋಲಾಡ್, ರೋಹಾ ದಾಟಿ ರೇವದಂಡಾದ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ನಮ್ಮ ಬಯಲುಸೀಮೆಯ ಹೊಳೆಗಳ ಲೆಕ್ಕದಲ್ಲಿ ಇದು ಹೊಳೆಯೇ ಅಲ್ಲ, ಹುಟ್ಟಿದ ದಿನವೇ ಸಮುದ್ರಕ್ಕೆ ಬೀಳುವಷ್ಟು ಗಿಡ್ಡ. ಆದರೆ ನಾಯಿ ಜೊತೆ ನಡೆಯಲು ಈ ಗಿಡ್ಡತನವೇ ಅನುಕೂಲ. ಮೂರು ಚಳಿಗಾಲಗಳಲ್ಲಿ ತುಂಡು ತುಂಡಾಗಿ, ಒಂದು ಸಲಕ್ಕೆ ಆರೇಳು ಕಿಲೋಮೀಟರಿನಂತೆ, ಘಟ್ಟದ ಬುಡದಿಂದ ಸಮುದ್ರದವರೆಗೆ ಬಂದಿದ್ದೇವೆ. ಪೂರ್ತಿ ನಡೆದಿದ್ದೇವೆ ಎಂದರೆ ಸುಳ್ಳಾಗುತ್ತದೆ. ರೋಹಾದ ಕಾರ್ಖಾನೆಗಳ ಹತ್ತಿರದ ಭಾಗವನ್ನು ಕಾರಿನಲ್ಲೇ ದಾಟಿದೆವು.

ಘಾಟಿನಲ್ಲಿ ನಾವು ಇಳಿಯುವುದಿಲ್ಲ. ತಾಮ್ಹಿಣಿ 2013ರಿಂದ ವನ್ಯಜೀವಿ ಅಭಯಾರಣ್ಯ. ಸಾಕುನಾಯಿಯ ಮೈಯಿಂದ ಉದುರುವ ರೋಗ ಕಾಡಿನ ನರಿಗೂ ಕಾಡುನಾಯಿಗೂ ಅಂಟುತ್ತದೆ. ನಾಯಿಯ ಮೇಲೆ ಕಣ್ಣಿಡುವ ಚಿರತೆಯ ಮಾತು ಬೇರೆ. ರಸ್ತೆ ಬದಿ ಕಾರು ನಿಲ್ಲಿಸಿ ನಾಯಿ ಬಿಟ್ಟು ಫೋಟೊ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ, ಅದಕ್ಕೇ ಸಿಟ್ಟು ತುಸು ಜಾಸ್ತಿ.

ಕೋಲಾಡ್ ಸುತ್ತಿನ ಹಳ್ಳಿಗಳಲ್ಲಿ ಡಿಸೆಂಬರ್-ಜನವರಿ ಹೊತ್ತಿಗೆ ಭತ್ತ ಕೊಯ್ದಾಗಿರುತ್ತದೆ. ಗದ್ದೆಯಲ್ಲಿ ಉಳಿದ ತೇವಕ್ಕೇ 'ವಾಲ್' ಬಿತ್ತಿರುತ್ತಾರೆ. ನನ್ನ ಹೆಂಡತಿ ಹಾಸನದವಳು. ಮೊದಲ ಸಲ ಬದುವಿನ ಮೇಲೆ ನಡೆಯುವಾಗ ಬಳ್ಳಿ ನೋಡಿ, "ರೀ, ಅವರೆಕಾಯಿ!" ಎಂದು ಕೂಗಿದ ದನಿಗೆ ಚಿಗರಿಯೇ ಬೆದರಿದಳು. ವಾಲ್ ಅಂದರೆ ನಮ್ಮ ಅವರೆಯೇ. ರಾಯಗಡದವರು ಚಳಿಗಾಲದಲ್ಲಿ ಇದರ ಕಾಯಿಯನ್ನು ಮಣ್ಣಿನ ಗಡಿಗೆಗೆ ತುಂಬಿ, ಭಾಂಬುರ್ಡ್ಯಾ ಎಂಬ ಘಮ್ಮನೆಯ ಸೊಪ್ಪು ಒತ್ತಿ, ಸುತ್ತ ಬೆಂಕಿ ಹಾಕಿ ಬೇಯಿಸಿ 'ಪೋಪ್ಟಿ' ಮಾಡುತ್ತಾರೆ. ಅದನ್ನು ತಿಂದ ಮೇಲೆ ನಮ್ಮವಳಿಗೆ ಈ ಹೊಳೆಯ ಮೇಲೆ ನನಗಿಂತ ಹೆಚ್ಚು ಹಕ್ಕು ಬಂದಿದೆ.

ಇಂಥ ಬದುವಿನ ಮೇಲೆ ನಾಯಿ ಕರೆದುಕೊಂಡು ಹೋಗುವವರಿಗೆ ಒಂದೆರಡು ಮಾತು. ಮುಧೋಳ, ರಾಜಪಾಳ್ಯಂ, ಗ್ರೇಹೌಂಡ್ ಇಂಥವುಗಳ ತಲೆ ಕುತ್ತಿಗೆಗಿಂತ ಅಗಲವೇನಿಲ್ಲ. ಮಾಮೂಲಿ ಕೊರಳಪಟ್ಟಿ ಕಟ್ಟಿದರೆ ಎರಡು ಹೆಜ್ಜೆ ಹಿಂದೆ ಸರಿದು ತಲೆ ಜಾರಿಸಿಕೊಂಡು ಹೋಗುತ್ತವೆ. ಎದೆಗೆ ಕಟ್ಟುವ ಹಾರ್ನೆಸ್ ಬೇಕು, ಅದರ ಬೆನ್ನ ಮೇಲೆ ಗಟ್ಟಿ ಹಿಡಿಕೆ ಇರಬೇಕು. ಹಿಡಿಕೆ ಯಾಕೆ ಅಂತ ಮುಂದೆ ಹೇಳುತ್ತೇನೆ. ಹಳ್ಳಿಯೊಳಗೆ ಕಾಲಿಡುವ ಮೊದಲು ಹಗ್ಗ ಗಿಡ್ಡ ಮಾಡಬೇಕು. ಊರ ನಾಯಿಗಳು ಬೊಗಳುತ್ತ ಬಂದರೆ ನಿಲ್ಲಬಾರದು, ಓಡಬಾರದು, ಕಲ್ಲಂತೂ ಎತ್ತಲೇಬಾರದು. ಅವು ತಮ್ಮ ಗಡಿಯವರೆಗೆ ಬಂದು ಬೀಳ್ಕೊಟ್ಟು ಹೋಗುತ್ತವೆ. ಆಡು-ಕೋಳಿ ಕಂಡಾಗ ನಾಯಿಯನ್ನಲ್ಲ, ಆಡು ಕಾಯುವವರನ್ನು ಮೊದಲು ಮಾತಾಡಿಸಬೇಕು. ಮಳೆ ನಿಂತ ಕೂಡಲೇ ಹೋಗುವುದೂ ಬೇಡ. ನಿಂತ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ಹುಲ್ಲಿನಲ್ಲಿ ಉಣ್ಣಿ ಬೇರೆ. ಲಸಿಕೆ ಹಾಕಿಸಿ, ನವೆಂಬರ್ ಅರ್ಧ ಕಳೆದ ಮೇಲೆ ಹೊರಡಿ.

ಇದೆಲ್ಲ ನನಗೆ ಎರಡನೇ ಚಳಿಗಾಲಕ್ಕೇ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ, ಹೊಳೆಯ ಟೈಮ್‌ಟೇಬಲ್ಲು.

ಅದು ಡಿಸೆಂಬರ್ ಕೊನೆಯ ಶನಿವಾರ. ನಸುಕಿನಲ್ಲೇ ಮನೆ ಬಿಟ್ಟು, ಬಿಸಿಲೇರುವ ಮೊದಲು ಹೊಳೆಯ ಪಾತ್ರಕ್ಕೆ ಇಳಿದಿದ್ದೆವು. ನೀರು ಪಾದ ಮುಳುಗುವಷ್ಟು. ನಡುವೆ ದುಂಡು ಕಲ್ಲುಗಳ ದೊಡ್ಡ ಹರವು, ಅದರಾಚೆ ಒಂದು ಬಂಡೆ. ಮಗಳು ಚಪ್ಪಟೆ ಕಲ್ಲು ಆರಿಸುತ್ತಿದ್ದಳು. ಸುತ್ತ ಆಡಿಲ್ಲ, ಕೋಳಿಯಿಲ್ಲ ಎಂದು ನಾನು ಹಗ್ಗ ಬಿಚ್ಚಿದೆ. ಚಿಗರಿ ಒಂದು ಬೆಳ್ಳಕ್ಕಿಯ ಬೆನ್ನು ಹತ್ತಿ ಬಂಡೆಯವರೆಗೆ ಹೋದಳು. ಆ ಓಟ ನೋಡಬೇಕು ನೀವು. ನಾಲ್ಕೂ ಕಾಲು ಹೊಟ್ಟೆಯಡಿ ಸೇರಿ ಮತ್ತೆ ಬಿಚ್ಚಿಕೊಳ್ಳುವಾಗ ಅವಳು ನೆಲ ಮುಟ್ಟುತ್ತಾಳೋ ಇಲ್ಲವೋ ತಿಳಿಯದು. ನಾನು ಮೊಬೈಲಿನಲ್ಲಿ ಅದನ್ನೇ ಹಿಡಿಯುತ್ತಿದ್ದೆ.

ಆ ವಿಡಿಯೊ ಈಗಲೂ ನನ್ನ ಬಳಿ ಇದೆ. ಚೌಕಟ್ಟಿನ ಮೂಲೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಹಿಂಡದ ಬಟ್ಟೆಯನ್ನು ಹಾಗೇ ಬುಟ್ಟಿಗೆ ತುಂಬಿ ದಡ ಹತ್ತುವುದು ಸ್ಪಷ್ಟವಾಗಿ ಕಾಣುತ್ತದೆ. ಅವತ್ತು ನನಗೆ ಕಾಣಲಿಲ್ಲ. ದಡದ ಮೇಲಿಂದ ಒಬ್ಬ ಮುದುಕ "ಪಾಣಿ ಯೇತಂಯ್! ಪಾಣಿ ಯೇತಂಯ್!" ಎಂದು ಕೂಗಿದ. ನೀರು ಬರುತ್ತಿದೆ. ಅಷ್ಟು ಮರಾಠಿ ನನಗೆ ಬರುತ್ತದೆ. ಆದರೆ ಅಪಾರ್ಟ್‌ಮೆಂಟಿನವನ ತಲೆ ನೋಡಿ, ಊರಿಗೆ ಟ್ಯಾಂಕರೋ ನಲ್ಲಿಯ ನೀರೋ ಬಂದಿರಬೇಕು ಎಂದುಕೊಂಡೆ. ಕೈಯನ್ನೂ ಬೀಸಿದೆ.

ಮಗಳು, "ಪಪ್ಪಾ, ನನ್ನ ಕಲ್ಲು ಎಲ್ಲಿ?" ಎಂದಳು. ಅವಳು ಸಾಲಾಗಿ ಇಟ್ಟ ಕಲ್ಲುಗಳು ಇರಲಿಲ್ಲ. ಸಿನೆಮಾದಲ್ಲಿ ತೋರಿಸುವ ಹಾಗೆ ಭೋರ್ಗರೆದು ಬರಲಿಲ್ಲ ಅದು. ಸದ್ದೇ ಇಲ್ಲ. ಒಂದೊಂದೇ ಕಲ್ಲು ಮುಳುಗುತ್ತ ಬಂತು. ಮಗಳನ್ನು ಎತ್ತಿ ದಡಕ್ಕೆ ಹಾಕಿ, ಅವರಮ್ಮನ ಕೈಗೆ ಕೊಟ್ಟು ತಿರುಗಿದರೆ ನಮಗೂ ಬಂಡೆಗೂ ನಡುವೆ ಮೊಣಕಾಲೆತ್ತರದ ನೀರು ಓಡುತ್ತಿತ್ತು. ಚಿಗರಿ ಬಂಡೆಯ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದಳು. ಕರೆದೆ. ಮುಂಗಾಲು ಅದ್ದಿ ಹಿಂದೆ ತೆಗೆದಳು. ಮತ್ತೆ ಕರೆದೆ. ಅವಳಿಗೆ ಈಜು ಕಲಿಸಿಲ್ಲ. ಮೈಯಲ್ಲಿ ಕೊಬ್ಬೇ ಇಲ್ಲದ ನಾಯಿ, ಲ್ಯಾಬ್ರಡಾರಿನ ಹಾಗೆ ತೇಲುವುದಿಲ್ಲ.

ನಾನು ಇಳಿದೆ. ತೊಡೆಯವರೆಗೆ ನೀರು ಬಂದಾಗ ಕಾಲು ನನ್ನ ಮಾತು ಕೇಳುವುದು ಬಿಟ್ಟಿತು. ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದರು. ಅದೇ ಮುದುಕ. ಬೈದ, ಚೆನ್ನಾಗಿಯೇ ಬೈದ. ಆಮೇಲೆ ಅವನು ಹೇಳಿದ್ದು ನನಗೆ ಮೊದಲು ಅರ್ಥವಾಗಲಿಲ್ಲ. "ಇಲ್ಲಿ ನಿಂತು ಕರೀಬೇಡ. ಕೆಳಗೆ ಹೋಗಿ ಕರಿ." ಎದುರಿಗೆ ನಿಂತು ಕರೆದರೆ ನಾಯಿ ಹರಿವಿಗೆ ಅಡ್ಡವಾಗಿ ಬರಲು ಹೋಗಿ ಸುಸ್ತಾಗುತ್ತದೆ. ಕೆಳಗಿನ ತಿರುವಿನಲ್ಲಿ ನಿಂತು ಕರೆದರೆ ನೀರೇ ಅದನ್ನು ತಂದುಕೊಡುತ್ತದೆ. ಅಷ್ಟರಲ್ಲಿ ಅವನ ಮೊಮ್ಮಗನಿರಬೇಕು, ರಾಫ್ಟಿಂಗ್ ಕೆಲಸದ ಹುಡುಗ, ಲೈಫ್ ಜಾಕೆಟ್ ಹಾಕಿಕೊಂಡು ಹಗ್ಗ ಹಿಡಿದು ತಿರುವಿನ ಹತ್ತಿರ ಸೊಂಟದುದ್ದ ನೀರಿನಲ್ಲಿ ನಿಂತಿದ್ದ. ಹಗ್ಗದ ಇನ್ನೊಂದು ತುದಿ ಮರಕ್ಕೆ.

ನಾನು ಓಡಿ ತಿರುವಿಗೆ ಹೋಗಿ ಕೂಗಿದೆ. ಚಿಗರಿ ಬಂಡೆಯ ಮೇಲೆ ಒಂದು ಸುತ್ತು ತಿರುಗಿದಳು. ಹಾರಿದಳು. ಮುಳುಗಿದಳು. ಎಷ್ಟು ಹೊತ್ತು ಎಂದು ನನ್ನನ್ನು ಕೇಳಬೇಡಿ. ತಲೆ ಮೇಲೆ ಬಂದಾಗ ನಾನು ನೋಡುತ್ತಿದ್ದ ಜಾಗಕ್ಕಿಂತ ಬಹಳ ಕೆಳಗಿದ್ದಳು. ಹುಡುಗ ಕೈ ಚಾಚಿ ಬೆನ್ನಿನ ಹಿಡಿಕೆ ಹಿಡಿದ. ಹಿಡಿಕೆ ಯಾಕೆ ಎಂದರೆ ಇದಕ್ಕೆ.

ಆಮೇಲೆ ಅವರ ಅಂಗಳದಲ್ಲಿ ಕೂತು ಚಹಾ ಕುಡಿದೆವು. ಹುಡುಗನಿಗೆ ದುಡ್ಡು ಕೊಡಲು ಹೋದಾಗ ಮುದುಕ ಬೇಡ ಎನ್ನಲಿಲ್ಲ, "ಅವನಿಗೆ ಕೊಡು, ಅವನ ಕೆಲಸ ಅದು" ಎಂದ. ಇದು ನನಗೆ ಹಿಡಿಸಿತು. ನಂತರ ಕೇಳಿದ: "ಹೊಳೆಗೆ ಇಳಿಯೋ ಮುಂಚೆ ಯಾರನ್ನಾದರೂ ಕೇಳಿದೆಯಾ?" ಇಲ್ಲ. ಮೊಬೈಲ್ ಕೇಳಿದ್ದೆ. ಹವಾಮಾನ ನೋಡಿದ್ದೆ, ದಾರಿ ನೋಡಿದ್ದೆ, ನಾಯಿಗೆ ಸರಿಹೋಗುವ ಜಾಗ ಎಂದು ಯಾರೋ ಕೊಟ್ಟ ಐದು ನಕ್ಷತ್ರ ನೋಡಿದ್ದೆ. ಹತ್ತು ಹೆಜ್ಜೆ ದೂರದಲ್ಲಿ ಬಟ್ಟೆ ಒಗೆಯುತ್ತಿದ್ದವರನ್ನು ಕೇಳಿರಲಿಲ್ಲ.

ಆ ನೀರಿನ ಕಥೆ ಇಷ್ಟು. ಮೇಲೆ ಘಟ್ಟದಲ್ಲಿ ಮುಳಾ ನದಿಗೆ ಕಟ್ಟಿದ ಮುಳಶಿ ಅಣೆಕಟ್ಟೆಯ ನೀರನ್ನು ಘಟ್ಟದಿಂದ ಕೊಳವೆಗಳಲ್ಲಿ ಇಳಿಸಿ ಭಿರಾದಲ್ಲಿ ವಿದ್ಯುತ್ ತಯಾರಿಸುತ್ತಾರೆ. 1927ರಿಂದ ನಡೆಯುತ್ತಿದೆ. ಟರ್ಬೈನು ತಿರುಗಿಸಿ ಬಂದ ನೀರು ಕುಂಡಲಿಕಾಗೆ ಬೀಳುತ್ತದೆ. ಮಳೆಗಾಲ ಕಳೆದ ಮೇಲೂ ಕೋಲಾಡಿನಲ್ಲಿ ರಾಫ್ಟಿಂಗ್ ನಡೆಯುವುದು ಈ ನೀರಿನಿಂದಲೇ. ಬೆಳಗ್ಗೆ ಬಿಡುತ್ತಾರೆ, ಕೆಲ ತಾಸು ಹೊಳೆ ಹೊಳೆಯಾಗಿರುತ್ತದೆ, ಮತ್ತೆ ಇಳಿಯುತ್ತದೆ. ದಡದ ಹಳ್ಳಿಗಳ ಸ್ನಾನ, ಬಟ್ಟೆ, ಎಮ್ಮೆ ಎಲ್ಲ ಆ ಹೊತ್ತಿನ ಲೆಕ್ಕಕ್ಕೆ ಹೊಂದಿಕೊಂಡಿವೆ. ಮುಳಶಿಯ ಹಳ್ಳಿಗಳು ಮುಳುಗುವಾಗ 1921ರಲ್ಲಿ ರೈತರು ಸತ್ಯಾಗ್ರಹ ಮಾಡಿದ್ದರು. ಪಾಂಡುರಂಗ ಮಹಾದೇವ ಬಾಪಟರು 'ಸೇನಾಪತಿ' ಬಾಪಟ್ ಆದದ್ದು ಆ ಹೋರಾಟದಲ್ಲಿ. ಅಣೆಕಟ್ಟೆ ನಿಲ್ಲಲಿಲ್ಲ.

ಮನೆಗೆ ಬಂದು ನಕ್ಷೆ ತೆಗೆದು ಕೂತಾಗ ನನಗೆ ಇನ್ನೊಂದು ಹೊಳೆಯಿತು. ಮುಳಾ ನದಿ ಸಹಜವಾಗಿ ಹರಿಯಬೇಕಾದದ್ದು ಪಶ್ಚಿಮಕ್ಕಲ್ಲ. ಅದು ಪುಣೆಯಲ್ಲಿ ಮುಠಾ ನದಿಯನ್ನು ಕೂಡಿಕೊಂಡು, ಭೀಮೆ ಸೇರಿ, ಸೊಲ್ಲಾಪುರ ಜಿಲ್ಲೆ ದಾಟಿ ನಮ್ಮ ವಿಜಯಪುರ, ಕಲಬುರಗಿ ಸೀಮೆಗೆ ಬರುವ ನದಿ. ಅವ್ವನ ತವರು ಇಂಡಿ ತಾಲೂಕಿನಲ್ಲಿ, ಭೀಮೆಯ ದಂಡೆಯಲ್ಲಿ. ಬೇಸಿಗೆಯಲ್ಲಿ ಅಲ್ಲಿ ಹೊಳೆ ಬತ್ತಿ ಮರಳು ಕಾದಿರುತ್ತದೆ. ಉಜನಿಯಿಂದ ನೀರು ಬಿಡುತ್ತಾರಂತೆ, ಬಿಡುವುದಿಲ್ಲವಂತೆ ಎಂಬ ಸುದ್ದಿ ಕೇಳುತ್ತಲೇ ನಾನು ಬೆಳೆದದ್ದು. ಆ ಭೀಮೆಯ ಒಂದು ಬೊಗಸೆ ನೀರು ಇಲ್ಲಿ ಘಟ್ಟ ಇಳಿದು ಪಶ್ಚಿಮಕ್ಕೆ ಹೋಗುತ್ತಿದೆ.

ಫೋನಿನಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಂದ್ರ ನಮ್ಮ ಹೊಳೀ ನೀರು ಅಲ್ಲಿ ಹೋಗಿ ನಮ್ಮ ನಾಯೀನ ಕೊಚ್ಕೊಂಡು ಹೋಗಾಕ ನಿಂತಿತ್ತೇನೋ?" ಎಂದಳು. ಆಮೇಲೆ, "ನಾಯಿ ಊಟಾ ಮಾಡ್ತೋ ಇಲ್ಲೋ?" ಎಂದು ಕೇಳಿದಳು.

ಮಾಡಿರಲಿಲ್ಲ. ಎರಡು ದಿನ ಮೂಲೆಯಲ್ಲಿ ಮಲಗಿದ್ದಳು. ಪಶುವೈದ್ಯರು ಎದೆ ಪರೀಕ್ಷಿಸಿ, ನೀರು ಹೋಗಿಲ್ಲ, ಹೆದರಿದ್ದಾಳೆ ಎಂದರು.

ಆಮೇಲೆ ಒಂದು ತಿಂಗಳು ಎಲ್ಲೂ ಹೋಗಲಿಲ್ಲ. ಈ ವರ್ಷ ಜನವರಿಯಲ್ಲಿ ನಮ್ಮವಳೇ, "ಸಮುದ್ರದ ತನಕ ಹೋಗೋಣ ರೀ, ಅರ್ಧಕ್ಕೆ ಬಿಟ್ರೆ ಇದಕ್ಕೂ ಸರಿಯಾಗಲ್ಲ, ನಿಮಗೂ ಸರಿಯಾಗಲ್ಲ" ಎಂದಳು.

ರೋಹಾ ದಾಟಿದ ಮೇಲೆ ಕುಂಡಲಿಕಾ ಖಾರಿಯಾಗುತ್ತದೆ. ನೀರು ಉಪ್ಪು, ದಡದಲ್ಲಿ ಕಾಂಡ್ಲಾ ಗಿಡ, ಕಾಲಿಟ್ಟರೆ ಹೂಳುವ ಕೆಸರು. ಇಲ್ಲಿ ನಾಯಿ ಇಳಿಸಬೇಡಿ. ಸಾಳಾವ್ ಸೇತುವೆಯ ಆಚೆ ರೇವದಂಡಾ, ಈಚೆ ಕೊರ್ಲಈ. ಖಾರಿಯ ಬಾಯಿಗೆ ಕಾವಲು ಕೂತಂತೆ ಗುಡ್ಡದ ಮೂಗಿನ ಮೇಲೆ ಪೋರ್ಚುಗೀಸರ ಕಾಲದ ಕೋಟೆ. ಈ ಊರಿನ ಕ್ರೈಸ್ತರ ಮನೆಗಳಲ್ಲಿ ಇವತ್ತಿಗೂ ಪೋರ್ಚುಗೀಸ್ ಮತ್ತು ಮರಾಠಿ ಬೆರೆತ ಒಂದು ಭಾಷೆ ಉಳಿದಿದೆ. ಅದಕ್ಕೆ ಅವರು 'ನೌ ಲಿಂಗ್' ಎನ್ನುತ್ತಾರೆ. ಹಾಗೆಂದರೆ 'ನಮ್ಮ ಮಾತು'. ಮನೆಯಲ್ಲಿ ಒಂದು ಭಾಷೆ, ಹೊರಗೊಂದು ಭಾಷೆ ಇಟ್ಟುಕೊಂಡು ಬದುಕುವ ನಮ್ಮಂಥವರಿಗೆ ಆ ಹೆಸರು ಬೇಗ ಅರ್ಥವಾಗುತ್ತದೆ.

ಕಾರು ನಿಲ್ಲಿಸಿ ಈ ಸಲ ಮೊದಲು ಮನುಷ್ಯರನ್ನು ಕೇಳಿದೆ. ಅಂಗಡಿಯ ಕಟ್ಟೆಯ ಮೇಲಿದ್ದವರು ಹೇಳಿದ್ದು: ಇಳಿತ ಹತ್ತು ಗಂಟೆಗೆ, ಅಲ್ಲಿಯವರೆಗೆ ಮರಳ ಮೇಲೆ ನಡೆಯಿರಿ, ಉಬ್ಬರ ಏರುವ ಮೊದಲು ಬಂಡೆ ಕಡೆಯಿಂದ ಬಂದುಬಿಡಿ. ಕೋಟೆಯ ಮೆಟ್ಟಿಲು ಕಲ್ಲು, ಹನ್ನೊಂದರ ಮೇಲೆ ನಾಯಿಯ ಪಾದ ಸುಡುತ್ತದೆ. (ಅಂಗೈಯ ಹಿಂಬದಿಯನ್ನು ಕಲ್ಲಿಗೆ ಒತ್ತಿ ಐದು ಎಣಿಸುವವರೆಗೆ ಇಡಲಾಗದಿದ್ದರೆ ನಾಯಿಗೂ ಆಗದು.) ಮತ್ತೆ, "ಮಾಸಳಿ ವಾಳತ್ ಘಾತಲಿಯೇ." ಮೀನು ಒಣಗಲು ಹಾಕಿದ್ದಾರೆ.

ಮೀನು ಒಣಗಿಸುವ ಜಾಗ ಕಂಡಾಗ ಆ ಮಾತಿನ ಬೆಲೆ ತಿಳಿಯಿತು. ಬಿದಿರ ಗಳಗಳಿಗೆ ಜೋಡಿ ಜೋಡಿಯಾಗಿ ನೇತುಹಾಕಿದ ಬೊಂಬಿಲ್, ನೆಲದಲ್ಲಿ ಹರಡಿದ ಸಣ್ಣ ಸೀಗಡಿ. ಅವರ ವರ್ಷದ ದುಡಿಮೆ ನಾಯಿಯ ಮೂತಿಯ ಎತ್ತರಕ್ಕೇ ಇದೆ. ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ದೂರದಿಂದ ಬಳಸಿ ಹೋದೆವು.

ಮರಳಿನ ಮೇಲೆ ಚಿಗರಿ ನಡೆದಳು, ಅಲೆಯ ಗೆರೆಯಿಂದ ಹತ್ತು ಮಾರು ದೂರದಲ್ಲೇ. ಅಲೆ ಬಂದರೆ ನಿಲ್ಲುತ್ತಾಳೆ, ಹೋದರೆ ನಡೆಯುತ್ತಾಳೆ. ಮಗಳು ಕಾಲು ನೆನೆಸಲು ಹೋದಾಗ ಅವಳ ಫ್ರಾಕಿನ ತುದಿ ಕಚ್ಚಿ ಹಿಂದಕ್ಕೆ ಎಳೆದಳು. ಮೊದಲು ನಕ್ಕೆವು. ಮೂರನೇ ಸಲಕ್ಕೆ ನಗು ಬರಲಿಲ್ಲ. ಮಗಳು ಒಣ ಮರಳಿಗೆ ಬಂದು ಕೂತಳು, ಚಿಗರಿ ಪಕ್ಕದಲ್ಲಿ ಮಲಗಿದಳು. ಅಲ್ಲಿಂದ ಕಾಶೀದ್ ದೂರವಿಲ್ಲ, ಆದರೆ ಭಾನುವಾರ ಅಲ್ಲಿ ಕುದುರೆ, ಮರಳ ಬೈಕು, ಜನ. ಅದರ ಹಿಂದಿನ ಫಣಸಾಡ್ ಅಭಯಾರಣ್ಯಕ್ಕೆ ನಾಯಿ ಒಯ್ಯುವ ಮಾತೇ ಇಲ್ಲ. ನಾವು ಕೊರ್ಲಈಯಿಂದಲೇ ಹಿಂದಿರುಗಿದೆವು.

ವಾಪಸು ಬರುವಾಗ ಮೀನಿನ ಗಳದ ಹತ್ತಿರ ಕೂತಿದ್ದ ಕೋಳಿ ಹೆಂಗಸು ನಮ್ಮನ್ನು ತಡೆದಳು. ಬೈಯುತ್ತಾಳೆ ಎಂದುಕೊಂಡೆ. ಆಕೆ ಚಿಗರಿಯ ಪಕ್ಕೆಲುಬು ತೋರಿಸಿ, "ಕಾಯ್ ರೇ, ಉಪಾಶೀ ಠೇವತೋಸ್ ಕಾ ಹಿಲಾ?" ಎಂದಳು. ಇವಳನ್ನು ಉಪವಾಸ ಇಟ್ಟಿದ್ದೀಯೇನೋ? ಈ ಜಾತಿಯೇ ಹೀಗೆ ಮಾವಶಿ, ಎಷ್ಟು ತಿಂದರೂ ಎಲುಬು ಕಾಣುತ್ತದೆ ಎಂದು ಮುಧೋಳದ ಇತಿಹಾಸ ಶುರು ಮಾಡಿದೆ. ಆಕೆ ಕೇಳಲಿಲ್ಲ. ಉಪ್ಪು ಹಾಕದೆ ಒಣಗಿಸಿದ ನಾಲ್ಕು ಬೊಂಬಿಲ್ ಕಿತ್ತು ಪೇಪರಿನಲ್ಲಿ ಸುತ್ತಿ ಕೊಟ್ಟಳು. ದುಡ್ಡು ಕೊಟ್ಟಿದ್ದಕ್ಕೆ ಇನ್ನೂ ಎರಡು ಹಾಕಿದಳು.

ಘಾಟು ಹತ್ತುವ ಹೊತ್ತಿಗೆ ಆರೂ ಮುಗಿದಿದ್ದವು. ಸೋಮವಾರ ಬೆಳಗ್ಗೆ ಆಫೀಸಿಗೆ ಜೊತೆಗೆ ಬರುವ ಸಹೋದ್ಯೋಗಿ ಕಾರಿನ ಬಾಗಿಲು ತೆಗೆದವರೇ ಹಿಂದೆ ಸರಿದು, ಅವತ್ತು ಆಟೊ ಹಿಡಿದರು.